ಚಿತ್ರದುರ್ಗದಿಂದ ಚಿಕ್ಕಪ್ಪನವರಿಗೆ

 

ತ.ರಾ.ಸುಬ್ಬರಾಯರ ಕಾದಂಬರಿಗಳನ್ನು ಓದಿ ಬಂದವರಿಗೆ ಕಾಣುವ ಚಿತ್ರದುರ್ಗವೇ ಬೇರೆ, ಓದದೆ ಬಂದವರಿಗೆ ಕಾಣುವುದೇ ಬೇರೆ. ಓದದವರಿಗೆ ಇದು ಹೆಬ್ಬಂಡೆಗಳ ನಡುವೆ ಹಬ್ಬಿದ ಏಳು ಸುತ್ತಿನ ಗೋಡೆ, ಬಾಗಿಲು ಮತ್ತು ಬತೇರಿಗಳ, ಎಂದರೆ ಗೋಡೆಯಿಂದ ಹೊರಚಾಚಿದ ಕಾವಲು ಕೊತ್ತಳಗಳ, ಸಮೂಹ. ಓದಿದವರಿಗಾದರೋ ಒಂದೊಂದು ತಿರುವಿನಲ್ಲೂ ಯಾರದೋ ಸಂಚು, ಯಾರದೋ ನಿಷ್ಠೆ ನೆನಪಾಗುತ್ತದೆ. ತಮ್ಮ ಕಪಾಟಿನ ಮೊದಲ ಸಾಲು ಈ ಊರಿನ ಕಾದಂಬರಿಗಳಿಂದಲೇ ತುಂಬಿರುವುದರಿಂದ ಈ ಪತ್ರವನ್ನು ಇಲ್ಲಿಂದಲೇ ಬರೆಯುವುದು ಉಚಿತವೆನಿಸಿದೆ.

ಈ ಕೋಟೆಯನ್ನು ಆಳಿದವರು ಪಾಳೆಯಗಾರರು. ಪಾಳೆಯಗಾರರೆಂದರೆ ಮೇಲಿನ ಅರಸನಿಗೆ ಕಪ್ಪ ಸಲ್ಲಿಸಿ, ಯುದ್ಧಕಾಲದಲ್ಲಿ ದಂಡು ಒದಗಿಸುವ ಕರಾರಿನ ಮೇಲೆ ಸೀಮೆಯೊಂದನ್ನು ಆಳುತ್ತಿದ್ದ ನಾಯಕರು. ವಿಜಯನಗರ ಕುಸಿದ ಮೇಲೆ ಇಲ್ಲಿಯ ನಾಯಕರು ಹೆಚ್ಚುಕಡಿಮೆ ಸ್ವತಂತ್ರರಾದರು. ಅವರ ಕಥೆಯನ್ನು ತ.ರಾ.ಸು. ‘ಕಂಬನಿಯ ಕುಯಿಲು’, ‘ರಕ್ತರಾತ್ರಿ’, ‘ತಿರುಗುಬಾಣ’ಗಳಿಂದ ಹಿಡಿದು 1982ರ ‘ದುರ್ಗಾಸ್ತಮಾನ’ದವರೆಗೆ ಬಿಡದೆ ಬರೆದರು. ಈ ಕೊನೆಯ ಕೃತಿಗೆ 1985ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಾಗ ಅವರು ಇರಲಿಲ್ಲ; ಹಿಂದಿನ ವರ್ಷವೇ ತೀರಿಕೊಂಡಿದ್ದರು. 1779ರಲ್ಲಿ ಮೈಸೂರಿನ ಹೈದರಾಲಿ ಕೋಟೆಯನ್ನು ಹಿಡಿದು ಇಲ್ಲಿಯ ಕೊನೆಯ ಪಾಳೆಯಗಾರ ಮದಕರಿನಾಯಕನನ್ನು ಶ್ರೀರಂಗಪಟ್ಟಣಕ್ಕೆ ಸಾಗಿಸಿದನೆಂಬುದು ‘ದುರ್ಗಾಸ್ತಮಾನ’ವನ್ನು ಕೈಗೆತ್ತಿಕೊಳ್ಳುವ ಪ್ರತಿಯೊಬ್ಬನಿಗೂ ಮೊದಲೇ ಗೊತ್ತಿರುತ್ತದೆ, ಆದರೂ ಪುಸ್ತಕ ಕೆಳಗಿಡಲಾಗುವುದಿಲ್ಲ. ಐತಿಹಾಸಿಕ ಕಾದಂಬರಿಯ ಶಕ್ತಿ ಏನಾಯಿತೆಂಬುದರಲ್ಲಿಲ್ಲ. ಆಗುವ ಮೊದಲಿನ ಕ್ಷಣದಲ್ಲಿ ಮನುಷ್ಯರು ಹೇಗೆ ತೊಳಲಿದರೆಂಬುದರಲ್ಲಿದೆ.

ಕೋಟೆಯೊಳಗೆ ಹೋದರೆ ಒಂದು ತಗ್ಗಿನಲ್ಲಿ ಆಳೆತ್ತರಕ್ಕೆ ಬರುವ ನಾಲ್ಕು ಭಾರಿ ಬೀಸುವ ಕಲ್ಲುಗಳಿವೆ. ಮದ್ದಿನ ಪುಡಿಯನ್ನು ಇಲ್ಲಿ ಅರೆಯುತ್ತಿದ್ದರೆಂದು ಹೇಳುತ್ತಾರೆ. ಅಂಚಿನಲ್ಲಿ ನಿಂತು ನೋಡಿದಾಗ, ಕಾದಂಬರಿಯ ಒಂದು ವಾಕ್ಯದಲ್ಲಿ ಮುಗಿದುಹೋಗುವ ಯುದ್ಧಸಿದ್ಧತೆಯ ಹಿಂದೆ ಎಷ್ಟು ದಿನಗಳ ದುಡಿಮೆ ಇತ್ತೆಂಬುದು ಮನಸ್ಸಿಗೆ ಬರುತ್ತದೆ. ಮಳೆನೀರನ್ನು ಗುಡ್ಡದ ಮೇಲೆಯೇ ಹಿಡಿದಿಡುವ ಗೋಪಾಲಸ್ವಾಮಿ ಹೊಂಡ, ಅಕ್ಕತಂಗಿ ಹೊಂಡಗಳನ್ನು ಕಂಡ ಮೇಲಂತೂ ಮುತ್ತಿಗೆ ತಿಂಗಳುಗಟ್ಟಲೆ ನಡೆದರೂ ಕೋಟೆ ಹೇಗೆ ತಡೆದುಕೊಂಡಿತೆಂಬ ಪ್ರಶ್ನೆಗೆ ಬೇರೆ ಉತ್ತರ ಬೇಕಾಗುವುದಿಲ್ಲ. ಓಬವ್ವನ ಕಿಂಡಿ ಬಂಡೆಗಳ ನಡುವಿನ ಇಕ್ಕಟ್ಟಾದ ಸಂದು. ಒಬ್ಬೊಬ್ಬರಾಗಿ ಮೈ ಬಗ್ಗಿಸಿಯೇ ನುಸುಳಬೇಕು. ಕಾವಲುಗಾರನ ಹೆಂಡತಿ ಓಬವ್ವ ಒನಕೆಯೊಂದರಿಂದಲೇ ಹೈದರನ ದಂಡನ್ನು ತಡೆದಳೆಂಬ ಮಾತು, ಆ ಸಂದಿನೊಳಗೆ ತಲೆ ತಗ್ಗಿಸಿದವರಿಗೆ ಉತ್ಪ್ರೇಕ್ಷೆಯೆನಿಸುವುದಿಲ್ಲ.

ಆದರೆ ಕಾದಂಬರಿಯನ್ನೇ ಚರಿತ್ರೆಯೆಂದು ನಂಬುವುದು ಲೇಖಕನಿಗೂ ಊರಿಗೂ ಮಾಡುವ ಅನ್ಯಾಯ. ತ.ರಾ.ಸು. ಕಲ್ಪಿಸಿದ ಮಾತುಗಳ ಹಿಂದೆ ಬಖೈರುಗಳಿವೆ, ಅಂದರೆ ಹಳೆಯ ಮನೆತನಗಳು ಬರೆಸಿಟ್ಟ ಗದ್ಯದ ವೃತ್ತಾಂತಗಳಿವೆ. ದುರ್ಗದ ದಾಖಲೆಗಳನ್ನು ಹುಡುಕಿ ಕೂಡಿಸಿದ ಹುಲ್ಲೂರು ಶ್ರೀನಿವಾಸ ಜೋಯಿಸರಂಥವರ ಶ್ರಮವೂ ಇದೆ. ಆದ್ದರಿಂದ ತಮ್ಮ ಸಂಗ್ರಹದಲ್ಲಿ ಕಾದಂಬರಿಗಳ ಪಕ್ಕಕ್ಕೇ ಇತಿಹಾಸ ಗ್ರಂಥಗಳು ಸೇರುತ್ತ ಹೋಗಿರುವುದು ಸರಿಯಾದ ಕ್ರಮ. ಪುಸ್ತಕಗಳು ಹೆಚ್ಚಿದವೆಂದು ಚಿಕ್ಕಮ್ಮನವರು ಆಕ್ಷೇಪಿಸುವುದುಂಟು. ಆದರೆ ಈ ಬಗೆಯ ಓದಿನಲ್ಲಿ ಒಂದು ಪುಸ್ತಕ ಮತ್ತೊಂದನ್ನು ಕರೆತರುವುದು ಅನಿವಾರ್ಯ. ಬಿದನೂರಿನ ಪತನವನ್ನು ವಸ್ತುವಾಗಿಸಿಕೊಂಡ ಮಾಸ್ತಿಯವರ ‘ಚೆನ್ನಬಸವನಾಯಕ’ವನ್ನು ‘ದುರ್ಗಾಸ್ತಮಾನ’ದ ಮಗ್ಗುಲಿಗಿಟ್ಟು ಓದಿದರೆ, 1763ರಲ್ಲಿ ಬಿದನೂರನ್ನು ನುಂಗಿದ ಹೈದರನೇ ಹದಿನಾರು ವರ್ಷಗಳ ಮೇಲೆ ಈ ಬೆಟ್ಟವನ್ನೂ ಹತ್ತಿದನೆಂಬುದು ಒಂದೇ ಕಥೆಯಾಗಿ ಕಾಣುತ್ತದೆ. ಲೇಖಕರ ಹೆಸರಿನ ಅನುಕ್ರಮದಲ್ಲಿ ಜೋಡಿಸಿದರೆ ಇವೆರಡು ದೂರವಾಗುತ್ತವೆ. ಸೀಮೆಯ ಅನುಕ್ರಮದಲ್ಲಿ ಜೋಡಿಸುವುದೇ ಮೇಲು. ಹಾಗೆ ಮಾಡಿದಲ್ಲಿ ಕೆ.ವಿ. ಅಯ್ಯರ್ ಅವರ ‘ಶಾಂತಲಾ’ ಬೇಲೂರಿನ ಪಾಲಿಗೆ, ಮಾಸ್ತಿಯವರದೇ ಆದ ‘ಚಿಕವೀರ ರಾಜೇಂದ್ರ’ ಕೊಡಗಿನ ಪಾಲಿಗೆ ಹೋಗುತ್ತವೆ.

ಮುಂದಿನ ಪ್ರಯಾಣ ನಗರಕ್ಕೆ, ಎಂದರೆ ಹಿಂದಿನ ಬಿದನೂರಿಗೆ. ಅದಕ್ಕೆ ಮೊದಲು ಊರಿಗೆ ಬಂದಾಗ ‘ಚೆನ್ನಬಸವನಾಯಕ’ವನ್ನು ಮತ್ತೊಮ್ಮೆ ಓದಬೇಕಾಗಿರುವುದರಿಂದ, ಅದನ್ನು ಯಾರಿಗಾದರೂ ಎರವಲು ಕೊಟ್ಟಿದ್ದಲ್ಲಿ ದಯವಿಟ್ಟು ತರಿಸಿಡಬೇಕು. ಚಿಕ್ಕಮ್ಮನವರಿಗೆ ನಮಸ್ಕಾರಗಳು, ಮಕ್ಕಳಿಗೆ ಆಶೀರ್ವಾದಗಳು.