ಘೋಡ್ ನದಿಯ ದಂಡೆಯಿಂದ ಲೋಣಾವಳಕ್ಕೆ

ಶಿರೂರು ಎಂದೊಡನೆ ನಮ್ಮವರಿಗೆ ನೆನಪಾಗುವ ಊರುಗಳು ಬೇರೆ. ಬಾಗಲಕೋಟೆಯ ಕಡೆಯವರಿಗೆ ಅಲ್ಲಿಯ ಶಿರೂರು, ಕರಾವಳಿಯವರಿಗೆ ಬೈಂದೂರಿನ ಹತ್ತಿರದ ಶಿರೂರು. ನಾವಿರುವ ಶಿರೂರು ಪುಣೆ ಜಿಲ್ಲೆಯದು. ಪುಣೆಯಿಂದ ಅಹಿಲ್ಯಾನಗರಕ್ಕೆ, ಅಂದರೆ ಹಳೆಯ ಅಹಮದನಗರಕ್ಕೆ, ಹೋಗುವ ದಾರಿಯಲ್ಲಿ ಸುಮಾರು 70 ಕಿಲೋಮೀಟರಿನ ಮೇಲೆ, ಘೋಡ್ ನದಿಯ ದಂಡೆಯಲ್ಲಿದೆ. ಹಳಬರು ಊರನ್ನೇ ‘ಘೋಡನದಿ’ ಎಂದು ಕರೆಯುತ್ತಾರೆ. ಈ ನದಿ ಮುಂದೆ ಭೀಮೆಯನ್ನು ಕೂಡುತ್ತದೆ, ಭೀಮೆ ವಿಜಯಪುರ, ಕಲಬುರ್ಗಿಗಳ ನೆಲಕ್ಕೆ ಹರಿಯುತ್ತಾಳೆ. “ನಾವು ಮ್ಯಾಲ ಬಂದೇವಿ, ನೀರು ಕೆಳಗ ನಮ್ಮೂರಿಗೆ ಹೊಂಟೈತಿ” ಎಂದು ನಮ್ಮ ತಂದೆಯವರು ಸಂಜೆ ದಂಡೆಯ ಮೇಲೆ ಕುಳಿತು ಹೇಳುವುದುಂಟು.

ನಾನು ರಾಂಜಣಗಾಂವದ ಕಾರಖಾನೆಯೊಂದರಲ್ಲಿ ಕೆಲಸಕ್ಕಿದ್ದೇನೆ. ತಂದೆಯವರು ಗದಗ, ಹೋಟಗಿಗಳಲ್ಲಿ ರೈಲ್ವೆ ಚಾಕರಿ ಮುಗಿಸಿ ನಮ್ಮ ಬಳಿ ಬಂದವರು. ಹೋದ ಮಾಗಿಯಲ್ಲಿ ಅದೇ ದಂಡೆಯ ಮೇಲೆ ಅವರಿಗೆ ಕಣ್ಣು ಕತ್ತಲೆ ಬಂದು ಕುಸಿದರು. ನಾಡಿ ನಿಮಿಷಕ್ಕೆ 36. ಪುಣೆಯ ಡಾಕ್ಟರರು ಇ.ಸಿ.ಜಿ. ನೋಡಿ, “ಹಾರ್ಟ್ ಬ್ಲಾಕ್; ಪೇಸ್‌ಮೇಕರ್ ಕೂಡಿಸಬೇಕು, ತಡಮಾಡಬೇಡಿ” ಎಂದರು.

ತಂದೆಯವರು ಸುತರಾಂ ಒಪ್ಪಲಿಲ್ಲ. “ಯೋಗಿಗಳು ಎದಿ ಬಡಿತಾನ ನಿಂದರಸ್ತಿದ್ರಂತ. ನಿಂದರಸಾಕ ಬರ್ತೈತಿ ಅಂದ್ರ ಒಂದೀಟು ಜೋರು ಮಾಡಾಕ ಬರೂದಿಲ್ಲೇನು? ಮೊದಲ ಲೋಣಾವಳಕ್ಕ ಕರಕೊಂಡು ನಡಿ.”

ಅವರ ಹಟಕ್ಕೆ ಆಧಾರವಿಲ್ಲದಿರಲಿಲ್ಲ. ಹೃದ್ರೋಗತಜ್ಞೆ ತೆರೇಸ್ ಬ್ರೊಸ್ಸೆ ಎಂಬ ಫ್ರೆಂಚ್ ಮಹಿಳೆ 1935ರಲ್ಲಿ ಇ.ಸಿ.ಜಿ. ಯಂತ್ರವನ್ನು ಹೊತ್ತುಕೊಂಡು ಭಾರತಕ್ಕೆ ಬಂದಿದ್ದರು. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಯೋಗ ಕಲಿಸುತ್ತಿದ್ದ ತಿರುಮಲೈ ಕೃಷ್ಣಮಾಚಾರ್ಯರನ್ನೂ ಅವರು ಪರೀಕ್ಷಿಸಿದರು. ಕೃಷ್ಣಮಾಚಾರ್ಯರು ಚಿತ್ರದುರ್ಗದ ಸೀಮೆಯಲ್ಲಿ ಹುಟ್ಟಿದವರು. 1937ರಲ್ಲಿ ಪುಣೆಗೆ ಬಂದು ನೆಲೆಸಿದ ಬೆಳ್ಳೂರಿನ ಬಿ.ಕೆ.ಎಸ್. ಅಯ್ಯಂಗಾರರ ಗುರುಗಳು. ಯೋಗಿ ಹೃದಯವನ್ನು ನಿಲ್ಲಿಸಬಲ್ಲನೆಂಬ ಸುದ್ದಿ ಆಗಿನಿಂದ ಲೋಕಕ್ಕೆಲ್ಲ ಹಬ್ಬಿತು.

ಹೊರಟೆವು. ಈಗ ನೆನೆದರೆ ಅದು ಜಾಣತನವಲ್ಲ. ದಾರಿಯುದ್ದಕ್ಕೂ ನನ್ನ ಬೆರಳು ಅವರ ಮಣಿಕಟ್ಟಿನ ಮೇಲೆಯೇ ಇತ್ತು. ಶಿಕ್ರಾಪುರ, ಕೋರೆಗಾಂವ ದಾಟಿ ವಾಘೋಲಿಯ ಗಾಡಿಗಳ ಜಂಗುಳಿಯಲ್ಲಿ ಬಸ್ಸು ಬಹಳ ಹೊತ್ತು ನಿಂತಿತು. ಪುಣೆಯಿಂದ ಮುಂದೆ ಲೋಕಲ್ ರೈಲು. ಅಲ್ಲಿ ಮಾತ್ರ ತಂದೆಯವರಿಗೆ ಗೆಲುವು ಬಂತು. ಪ್ರತಿ ಸ್ಟೇಷನ್ನಿನಲ್ಲಿಯೂ ತಮ್ಮ ಗಡಿಯಾರ ನೋಡಿದರು.

ಲೋಣಾವಳದ ಕೈವಲ್ಯಧಾಮವನ್ನು ಸ್ವಾಮಿ ಕುವಲಯಾನಂದರು 1924ರಲ್ಲಿ ಸ್ಥಾಪಿಸಿದರು. ಯೋಗವನ್ನು ನಂಬು ಎನ್ನದೆ, ಅಳೆದು ನೋಡು ಎಂದವರು ಅವರು. ಅದೇ ವರ್ಷ ‘ಯೋಗ ಮೀಮಾಂಸಾ’ ಪತ್ರಿಕೆಯನ್ನೂ ತೆಗೆದರು. ಗಿಡಮರಗಳ ನೆರಳಿನಲ್ಲಿ ಭೇಟಿಯಾದ ಹಿರಿಯ ಅಭ್ಯಾಸಿಯೊಬ್ಬರು ತಂದೆಯವರ ಪ್ರಶ್ನೆಯನ್ನು ಕೇಳಿ ನಗಲಿಲ್ಲ. ಮುಂದಿನ ಕಥೆಯನ್ನು ಹೇಳಿದರು.

ಅಮೆರಿಕೆಯ ವೆಂಗರ್, ಬಾಗ್ಚಿ ಹಾಗೂ ದೆಹಲಿಯ ಬಿ.ಕೆ. ಆನಂದ್ ಎಂಬ ವಿಜ್ಞಾನಿಗಳು ಇಂಥ ನಾಲ್ವರು ಯೋಗಾಭ್ಯಾಸಿಗಳನ್ನು ಪರೀಕ್ಷಿಸಿ 1961ರಲ್ಲಿ ಫಲಿತಾಂಶ ಪ್ರಕಟಿಸಿದರು. ಮೂವರು ಉಸಿರು ಬಿಗಿಹಿಡಿದು ಎದೆ ಹೊಟ್ಟೆಗಳನ್ನು ಬಲವಾಗಿ ಬಿಗಿಯುತ್ತಿದ್ದರು. ಆಗ ಹೃದಯಕ್ಕೆ ಮರಳುವ ರಕ್ತ ಕಡಿಮೆಯಾಗಿ, ನಾಡಿ ಕೈಗೆ ಸಿಗದಂತಾಗುತ್ತಿತ್ತು, ಸದ್ದೂ ಕೇಳದಂತಾಗುತ್ತಿತ್ತು. ಆದರೆ ಇ.ಸಿ.ಜಿ.ಯಲ್ಲಿ ಹೃದಯ ನಡೆದೇ ಇತ್ತು. ನಾಲ್ಕನೆಯವರು ಮಾತ್ರ ಬಡಿತವನ್ನು ಚೆನ್ನಾಗಿ ನಿಧಾನಗೊಳಿಸಿದರು. ನಿಲ್ಲಿಸಿದವರು ಯಾರೂ ಇಲ್ಲ.

“ನಿಮ್ಮದು ಉಸಿರಿನ ಪ್ರಶ್ನೆಯಲ್ಲ ರಾಯರೇ. ಡಾಕ್ಟರರ ಬಳಿಗೇ ಹೋಗಿರಿ” ಎಂದು ಅವರೇ ಕಳಿಸಿಕೊಟ್ಟರು.

ಮರುದಿನ ಡಾಕ್ಟರರು, ತಂದೆಯವರು ರೈಲ್ವೆಯವರೆಂದು ತಿಳಿದು, ಕಾಗದದ ಮೇಲೆ ಎರಡು ಸ್ಟೇಷನ್ ಬರೆದರು. ಹೃದಯದ ಮೇಲಿನ ಕೋಣೆಯಲ್ಲಿ ಒಂದು ಗಂಟು ಇದೆ. ಕೀತ್ ಮತ್ತು ಫ್ಲ್ಯಾಕ್ ಎಂಬುವರು 1907ರಲ್ಲಿ ಅದನ್ನು ಗುರುತಿಸಿದರು. ತನ್ನ ಪಾಡಿಗೆ ಬಿಟ್ಟರೆ ಅದು ನಿಮಿಷಕ್ಕೆ ಸುಮಾರು 100 ಸಲ ಮಿಡಿಯುತ್ತದೆ. ಮಿದುಳಿನಿಂದ ಇಳಿದು ಬರುವ ವೇಗಸ್ ಎಂಬ ನರವು ಬ್ರೇಕು ಹಾಕಿ ಅದನ್ನು 70ರ ಸುಮಾರಿಗೆ ತರುತ್ತದೆ. ಬೇರೊಬ್ಬರ ಹೃದಯವನ್ನು ಕಸಿ ಮಾಡಿಸಿಕೊಂಡವರಲ್ಲಿ ಆ ನರದ ಸಂಬಂಧ ಕಡಿದಿರುವುದರಿಂದ, ಸುಮ್ಮನೆ ಕುಳಿತಾಗಲೂ ಬಡಿತ ಹೆಚ್ಚೇ ಇರುತ್ತದೆಯಂತೆ. ಪ್ರಾಣಾಯಾಮದ ಉಸಿರು ಮುಟ್ಟುವುದು ಈ ಬ್ರೇಕನ್ನು, ಈ ಮೇಲಿನ ಸ್ಟೇಷನ್ನನ್ನು.

“ನಿಮ್ಮ ಮೇಲಿನ ಸ್ಟೇಷನ್ ಸರಿಯಾಗಿಯೇ ಇದೆ. ಅಲ್ಲಿಂದ ಕೆಳಗಿನ ಕೋಣೆಗಳಿಗೆ ತಂತಿ ಹೋಗುತ್ತಿಲ್ಲ. ಕೆಳಗಿನವರು ದಾರಿ ನೋಡಿ ನೋಡಿ ತಾವೇ ಮೆಲ್ಲಗೆ ಗಾಡಿ ಬಿಡುತ್ತಿದ್ದಾರೆ. ನೀವು ಮೇಲೆ ಎಷ್ಟು ಕೂಗಿದರೇನು?”

ತಂದೆಯವರು ಆ ಕಾಗದವನ್ನು ಬಹಳ ಹೊತ್ತು ನೋಡಿದರು. “ಬ್ಲಾಕ್ ಅಂದ್ರ ಇದೇನು? ಮೊದಲ ಹಿಂಗ ಹೇಳಬಾರದೇನ್ರಿ?” ಎಂದರು. 1958ರಲ್ಲಿ ಸ್ವೀಡನ್ನಿನಲ್ಲಿ ಮೊಟ್ಟಮೊದಲು ಪೇಸ್‌ಮೇಕರ್ ಹಾಕಿಸಿಕೊಂಡ ಅರ್ನೆ ಲಾರ್ಸನ್, ಇಪ್ಪತ್ತಕ್ಕೂ ಹೆಚ್ಚು ಸಲ ಯಂತ್ರ ಬದಲಿಸಿಕೊಂಡು 2001ರ ವರೆಗೆ ಬದುಕಿದ್ದನೆಂಬ ಮಾತನ್ನು ಕೇಳಿದ ಮೇಲೆ ಸಹಿ ಹಾಕಿದರು.

ಎಡಗೈಯನ್ನು ಕೆಲವು ವಾರ ಮೇಲೆ ಎತ್ತಬಾರದೆಂದಿದ್ದರಿಂದ ಅಂಗಿ ತೊಡುವಾಗ ದಿನಾಲೂ ಗೊಣಗಾಟ. ಪ್ರಾಣಾಯಾಮವನ್ನು ಬಿಟ್ಟಿಲ್ಲ, ಉಸಿರು ಬಿಗಿಹಿಡಿಯುವುದನ್ನು ಮಾತ್ರ ಬಿಟ್ಟಿದ್ದಾರೆ. ಮೊನ್ನೆ ಘೋಡ್ ನದಿಯ ದಂಡೆಯ ಮೇಲೆ ಮೊಮ್ಮಗನ ಕೈ ಹಿಡಿದು ಕುಳಿತಿದ್ದರು. ಹುಡುಗ ಉಸಿರು ಎಳೆದುಕೊಂಡಾಗ ನಾಡಿ ತುಸು ಚುರುಕಾಗುತ್ತದೆ, ಬಿಟ್ಟಾಗ ನಿಧಾನವಾಗುತ್ತದೆ. ಎಳೆಯರಲ್ಲಿ ಇದು ಚೆನ್ನಾಗಿ ತಿಳಿಯುತ್ತದೆ. ನಿಮ್ಮ ಮನೆಯ ಮಕ್ಕಳಲ್ಲಿಯೂ ನೋಡಬಹುದು.

“ಇವನದು ಲೈನ್ ಕ್ಲಿಯರ್ ಐತಿ” ಎಂದು ನನ್ನತ್ತ ತಿರುಗಿ, “ಎಲ್ಲಿ, ನಿನ್ನ ಕೈ ಕೊಡು” ಎಂದರು.