ದಾರಂದಕ್ಕೆ ಹೊಂದದ ಬಾಗಿಲು

ಯಡ್ತರೆಯ ಬಡಗಿಯೊಬ್ಬರ ಮಗಳು ಇಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದಾಳೆ. ಪ್ರಾಜೆಕ್ಟ್ ತೋರಿಸಲು ಮೂರೇ ದಿನ ಉಳಿದಿದ್ದಾಗ ಅವಳು ಊಟ ಬಿಟ್ಟು ಕುಳಿತದ್ದನ್ನು ಕಂಡು ತಂದೆಗೆ ಗಾಬರಿ.

ಮೂವರು ಗೆಳತಿಯರು ಸೇರಿ ಗ್ರಂಥಾಲಯಕ್ಕೆಂದು ಒಂದು ತಂತ್ರಾಂಶ ಬರೆದಿದ್ದರು. ಪುಸ್ತಕ ಕೊಡುವ ಭಾಗ ಒಬ್ಬಳದು, ಸದಸ್ಯರ ಪಟ್ಟಿ ಇನ್ನೊಬ್ಬಳದು, ದಂಡದ ಲೆಕ್ಕ ಇವಳದು. ಬಿಡಿಬಿಡಿಯಾಗಿ ಎಲ್ಲವೂ ಸರಿ. ಜೋಡಿಸಿದರೆ, ಆಗಸ್ಟ್ 5ಕ್ಕೆ ಮರಳಿಸಬೇಕಾದ ಪುಸ್ತಕಕ್ಕೆ ಆಗಸ್ಟ್ 1ರಂದೇ 85 ದಿನಗಳ ದಂಡ!

"ನೀವು ಮೂರೂ ಜನ ಅಳತೆ ಎಲ್ಲಿಂದ ಹಿಡಿದದ್ದು ಮಗಾ?" ಎಂದರು ತಂದೆ. ಕಳೆದ ವರ್ಷ ಅವರು ಮಾಡಿದ ದಾರಂದದ ಹೊರ ಅಗಲ 42 ಇಂಚು. ಮನೆಯವರು ಚೀಟಿಯಲ್ಲಿ ಬರೀ 42 ಎಂದು ಬರೆದು ಅಂಗಡಿಗೆ ಕೊಟ್ಟರು. ಬಾಗಿಲೂ 42 ಇಂಚೇ ಆಗಿ ಬಂತು. ಇಬ್ಬರ ಕೆಲಸದಲ್ಲೂ ತಪ್ಪಿಲ್ಲ, ಬಾಗಿಲು ಮಾತ್ರ ಕೂರಲಿಲ್ಲ.

ಮಗಳಿಗೆ ಹೊಳೆಯಿತು. ಗೆಳತಿ ದಿನವನ್ನು ಮೊದಲು ಬರೆದು 05-08 ಎಂದು ಕೊಟ್ಟಿದ್ದಳು. ಇವಳ ಭಾಗ ತಿಂಗಳು ಮೊದಲೆಂದು ತಿಳಿದು ಮೇ 8 ಎಂದು ಓದಿತ್ತು. 25-08 ಕೊಟ್ಟು ನೋಡಿದ್ದರೆ, 25ನೆಯ ತಿಂಗಳು ಇಲ್ಲವೆಂದು ಯಂತ್ರವೇ ತಕರಾರು ತೆಗೆಯುತ್ತಿತ್ತು. ಪರೀಕ್ಷೆಗೆ ಆರಿಸಿದ ದಿನಾಂಕಗಳೆಲ್ಲ 12ರೊಳಗಿನವು.

ಮಕ್ಕಳ ಅಜಾಗ್ರತೆ ಎಂದು ಬೈಯುವ ಮುನ್ನ ಪಾಲಕರು ನಾಸಾದ ಕಥೆ ಕೇಳಬೇಕು. 1998ರ ಡಿಸೆಂಬರಿನಲ್ಲಿ ಮಂಗಳನತ್ತ ಹೊರಟ 'ಮಾರ್ಸ್ ಕ್ಲೈಮೇಟ್ ಆರ್ಬಿಟರ್' 1999ರ ಸೆಪ್ಟೆಂಬರ್ 23ರಂದು ಕಳೆದುಹೋಯಿತು. ಭೂಮಿಯ ಮೇಲಿನ ಒಂದು ತಂತ್ರಾಂಶ ನೌಕೆಯ ಪುಟ್ಟ ರಾಕೆಟ್‌ಗಳ ತಳ್ಳಿಕೆಯನ್ನು ಪೌಂಡ್-ಸೆಕೆಂಡಿನಲ್ಲಿ ಕೊಟ್ಟಿತು. ದಾರಿ ಲೆಕ್ಕ ಹಾಕುವ ತಂತ್ರಾಂಶ ಅದನ್ನು ನ್ಯೂಟನ್-ಸೆಕೆಂಡ್ ಎಂದುಕೊಂಡಿತು. ವ್ಯತ್ಯಾಸ ಸುಮಾರು 4.45 ಪಟ್ಟು. ಮಂಗಳದ ಮೇಲೆ 226 ಕಿ.ಮೀ. ಎತ್ತರದಲ್ಲಿ ಹಾಯಬೇಕಿದ್ದ ನೌಕೆ ಸುಮಾರು 57 ಕಿ.ಮೀ.ಗೆ ಇಳಿದಿತ್ತು. ವಿಷಾದವೆಂದರೆ, ನ್ಯೂಟನ್-ಸೆಕೆಂಡೇ ಇರಬೇಕೆಂದು ಒಪ್ಪಂದದ ಕಾಗದದಲ್ಲಿ ಬರೆದೇ ಇತ್ತು. ತಾಳೆ ನೋಡಿದವರಿಲ್ಲ.

ಒಪ್ಪಂದ ಕಾಗದದಲ್ಲೇ ಉಳಿಯಬಾರದೆಂದು ಬರ್ಟ್ರಂಡ್ ಮೇಯರ್ 1980ರ ದಶಕದಲ್ಲಿ 'ಐಫೆಲ್' ಎಂಬ ಕಂಪ್ಯೂಟರ್ ಭಾಷೆಯನ್ನೇ ರೂಪಿಸಿದರು. ಪ್ರತಿ ಭಾಗವೂ ತಾನು ಏನನ್ನು ಪಡೆಯುತ್ತೇನೆ, ಏನನ್ನು ಕೊಡುತ್ತೇನೆ ಎಂದು ಅದರಲ್ಲಿ ಸಾರಬಹುದು. ಮಾತು ಮುರಿದರೆ ಯಂತ್ರವೇ ಹಿಡಿಯುತ್ತದೆ.

ಅಂದು ರಾತ್ರಿ ಗೆಳತಿಯರು ಪ್ರತಿ ಜೋಡಣೆಗೂ ಅಂಥದೊಂದು ಪರಿಶೀಲನೆ ಬರೆದರು. ಹನ್ನೊಂದು ಗಂಟೆಗೆ ಇನ್ನೊಂದು ಬಿರುಕು ಸಿಕ್ಕಿತು. ಪಟ್ಟಿಯಲ್ಲಿ 0047 ಆಗಿದ್ದ ಸದಸ್ಯನನ್ನು ದಂಡದ ಭಾಗ ಬರೀ 47 ಎಂದು ಹುಡುಕುತ್ತಿತ್ತು. ಅದು ಇವಳದೇ ಭಾಗ.