ಮಾತು ನಿಲ್ಲಿಸಿದ ಪೆಟ್ಟಿಗೆ

ತುಮಕೂರಿನಲ್ಲಿ ಕೈಗಡಿಯಾರ ತಯಾರಾಗುತ್ತಿದ್ದ ಕಾಲವೊಂದಿತ್ತು. ಎಚ್‌ಎಂಟಿ ಗಡಿಯಾರ ಕಂಪನಿಯನ್ನು ಮುಚ್ಚಲು ಕೇಂದ್ರ ಸರ್ಕಾರ 2016ರಲ್ಲಿ ತೀರ್ಮಾನಿಸಿತು. ಕಾರ್ಖಾನೆ ಹೋಯಿತು, ಗಡಿಯಾರ ಹೋಗಲಿಲ್ಲ. ಮದುವೆಯಲ್ಲಿ ಮಾವನ ಮನೆಯವರು ಕೊಟ್ಟ, ದಿನಾ ಬೆಳಿಗ್ಗೆ ಕೀಲಿ ಕೊಡಬೇಕಾದ ಗಡಿಯಾರ ಎಷ್ಟೋ ಮನೆಗಳಲ್ಲಿ ಇನ್ನೂ ಓಡುತ್ತಿದೆ. ನಿಂತರೂ ಚಿಂತೆಯಿಲ್ಲ. ರಿಪೇರಿಯವನು ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ಹಿಂಬದಿಯ ಮುಚ್ಚಳ ತೆಗೆಯುತ್ತಾನೆ. ಹಲ್ಲುಚಕ್ರ, ಸ್ಪ್ರಿಂಗು ಎಲ್ಲವೂ ಎದುರಿಗೇ ಇವೆ. ಯಾವುದು ಯಾವುದನ್ನು ತಿರುಗಿಸುತ್ತದೆ ಎಂಬುದನ್ನು ನೋಡಿಯೇ ತಿಳಿಯಬಹುದು.

ಎಲ್ಲ ಹಳೆಯ ಯಂತ್ರಗಳಿಗೂ ಈ ಭಾಗ್ಯವಿಲ್ಲ. ಕೆಡದೆಯೇ ನಿಂತುಹೋಗುವ ಯಂತ್ರಗಳೂ ಉಂಟು. ಗಣಕಕ್ಕೆ ಜೋಡಿಸುವ ಮಾತಿನ ಪೆಟ್ಟಿಗೆ, ಅಂದರೆ ಸ್ಪೀಚ್ ಸಿಂಥಸೈಜರ್, ಅಂಥದ್ದೊಂದು.

ಶಿರಾ ಗೇಟಿನಲ್ಲೊಂದು ಮನೆ, ಆ ಮನೆಯಲ್ಲಿ ಪಿಯುಸಿ ಓದುತ್ತಿರುವ ಕಣ್ಣು ಕಾಣದ ಹುಡುಗನೊಬ್ಬ ಇದ್ದಾನೆ ಎಂದಿಟ್ಟುಕೊಳ್ಳಿ. ಶಿರಾ ಕಡೆಗೆ ಹೋಗುವ ಬಸ್ಸು ಲಾರಿಗಳನ್ನು ಸದ್ದಿನಿಂದಲೇ ಗುರುತು ಹಿಡಿಯಬಲ್ಲ ಹುಡುಗ. ವಿದೇಶದಲ್ಲಿರುವ ನೆಂಟರೊಬ್ಬರು 1990ರ ದಶಕದ ಇಂಥ ಪೆಟ್ಟಿಗೆಯೊಂದನ್ನು ಪ್ರೀತಿಯಿಂದ ಕಳುಹಿಸಿದ್ದಾರೆ. ಗಣಕದ ಪರದೆಯ ಮೇಲಿನ ಅಕ್ಷರಗಳನ್ನು ಅದು ಗಟ್ಟಿಯಾಗಿ ಓದಬೇಕು. ವಿದ್ಯುತ್ ಕೊಟ್ಟರೆ ದೀಪ ಹತ್ತುತ್ತದೆ. ಮಾತು ಮಾತ್ರ ಇಲ್ಲ. ‘ಹಾಳಾಗಿದೆ, ಗುಜರಿಗೆ ಹಾಕಿ’ ಎಂದು ಯಾರೋ ಸಲಹೆ ಕೊಡುತ್ತಾರೆ. ಸ್ವಲ್ಪ ತಾಳಿ.

ಈ ಪೆಟ್ಟಿಗೆಯೊಳಗೆ ಧ್ವನಿಮುದ್ರಿಕೆ ಇಲ್ಲ. ನಮ್ಮ ಗಂಟಲಿನಲ್ಲಿ ಧ್ವನಿತಂತುಗಳು ಕಂಪಿಸಿ ಒಂದು ಗುಂಯ್ ಎಂಬ ಸದ್ದು ಹುಟ್ಟುತ್ತದೆ. ಬಾಯಿ ಮತ್ತು ನಾಲಿಗೆಯ ಆಕಾರ ಅದರಲ್ಲಿ ಕೆಲವು ಆವೃತ್ತಿಗಳನ್ನು ಎತ್ತಿ, ಕೆಲವನ್ನು ತಗ್ಗಿಸಿ ‘ಆ’, ‘ಈ’, ‘ಊ’ ಮಾಡುತ್ತದೆ. ಪೆಟ್ಟಿಗೆ ಮಾಡುವುದೂ ಇದನ್ನೇ, ಆದರೆ ಲೆಕ್ಕ ಹಾಕಿ. ಅಮೆರಿಕದ ಎಂಐಟಿಯ ಡೆನಿಸ್ ಕ್ಲಾಟ್ ಈ ಲೆಕ್ಕವನ್ನು ಬಹಳ ಮುಂದಕ್ಕೆ ಒಯ್ದರು. ಅವರ ಸಂಶೋಧನೆಯ ಆಧಾರದ ಮೇಲೆ ಡಿಜಿಟಲ್ ಎಕ್ವಿಪ್‌ಮೆಂಟ್ ಕಂಪನಿ 1984ರಲ್ಲಿ ‘ಡೆಕ್‌ಟಾಕ್’ ಯಂತ್ರವನ್ನು ಹೊರತಂದಿತು. ಅದರ ಮುಖ್ಯ ಗಂಡುಧ್ವನಿಗೆ ಮಾದರಿ ಕ್ಲಾಟ್ ಅವರದೇ ಕಂಠ. ಗಂಟಲಿನ ಥೈರಾಯ್ಡ್ ಕ್ಯಾನ್ಸರಿನಿಂದ ತಮ್ಮ ಸ್ವಂತ ದನಿಯನ್ನು ಕಳೆದುಕೊಂಡ ಅವರು 1988ರಲ್ಲಿ ತೀರಿಕೊಂಡರು. ದನಿ ಯಂತ್ರದಲ್ಲಿ ಉಳಿಯಿತು.

ಹಾಗಾದರೆ ಶಿರಾ ಗೇಟಿನ ಪೆಟ್ಟಿಗೆ ಏಕೆ ಮಾತನಾಡದು? ಮೊದಲ ಕಾರಣ ಬಾಗಿಲು. ಹಳೆಯ ಗಣಕಗಳ ಹಿಂಬದಿಯಲ್ಲಿ ಒಂಬತ್ತು ಸೂಜಿಗಳ ಸೀರಿಯಲ್ ಪೋರ್ಟ್ ಇರುತ್ತಿತ್ತು. ಆರ್‌ಎಸ್-232 ಎಂಬ, 1960ರಲ್ಲಿ ರೂಪುಗೊಂಡ ನಿಯಮಕ್ಕೆ ಅದು ಬದ್ಧ. ಒಂಬತ್ತರಲ್ಲಿ ಮುಖ್ಯವಾದವು ಮೂರೇ: ಕೇಳಲು 2ನೆಯದು, ಹೇಳಲು 3ನೆಯದು, ಭೂಸಂಪರ್ಕಕ್ಕೆ 5ನೆಯದು. ಇಂದಿನ ಲ್ಯಾಪ್‌ಟಾಪ್‌ಗಳಲ್ಲಿ ಈ ಬಾಗಿಲು ಕಾಣುವುದೇ ಅಪರೂಪ. ಇದಕ್ಕೆ ಯುಎಸ್‌ಬಿ ಪರಿವರ್ತಕ ಸಿಗುತ್ತದೆ. ಆದರೆ ಅದು ಆರ್‌ಎಸ್-232 ವೋಲ್ಟೇಜಿನದೇ ಆಗಿರಬೇಕು. ಈ ನಿಯಮದಲ್ಲಿ ಸಂಕೇತ ಋಣ 15ರಿಂದ ಧನ 15 ವೋಲ್ಟ್‌ವರೆಗೆ ಓಡಾಡಬಹುದು. 5 ವೋಲ್ಟ್‌ಗೆಂದು ಮಾಡಿದ ಬರಿಯ ಸರ್ಕೀಟನ್ನು ಜೋಡಿಸಿದರೆ ಅದು ಸುಟ್ಟುಹೋದೀತು.

ಎರಡನೆಯದು ವೇಗ. ಇಂಥ ಪೆಟ್ಟಿಗೆಗಳು ಸಾಮಾನ್ಯವಾಗಿ ಸೆಕೆಂಡಿಗೆ 9600 ಬಿಟ್ ವೇಗದಲ್ಲಿ ಕೇಳಿಸಿಕೊಳ್ಳುತ್ತವೆ. ಆರಂಭ ಮತ್ತು ಅಂತ್ಯದ ಗುರುತು ಸೇರಿ ಒಂದು ಅಕ್ಷರಕ್ಕೆ 10 ಬಿಟ್ ಎಂದರೆ ಸೆಕೆಂಡಿಗೆ 960 ಅಕ್ಷರಗಳು. ಯಾವ ವಾಚಾಳಿಗೂ ಸಾಕಾದೀತು! ಆದರೆ ಎರಡೂ ಕಡೆಯವರು ಒಂದೇ ವೇಗಕ್ಕೆ ಒಪ್ಪಿರಬೇಕು. ಇಲ್ಲದಿದ್ದರೆ ಪೆಟ್ಟಿಗೆ ಸುಮ್ಮನಿರುತ್ತದೆ, ಇಲ್ಲವೇ ಅರ್ಥವಿಲ್ಲದೆ ಬಡಬಡಿಸುತ್ತದೆ.

ಮೂರನೆಯದೇ ಕಠಿಣವಾದದ್ದು. ಗಣಕದ ಕಾರ್ಯಾಚರಣ ವ್ಯವಸ್ಥೆಗೆ ಈ ಪೆಟ್ಟಿಗೆಯೊಡನೆ ವ್ಯವಹರಿಸುವ ರೀತಿ ಗೊತ್ತಿರಬೇಕು. ‘ನಿಲ್ಲು’, ‘ವೇಗವಾಗಿ ಓದು’, ‘ದನಿ ತಗ್ಗಿಸು’ ಎನ್ನಲು ಒಂದೊಂದು ಪೆಟ್ಟಿಗೆಗೆ ಒಂದೊಂದು ಸಂಕೇತ. ಇದನ್ನು ಬಲ್ಲ ದುಭಾಷಿಯೇ ಡ್ರೈವರ್ ಎಂಬ ತಂತ್ರಾಂಶ. ಗಣಕದ ವ್ಯವಸ್ಥೆ ಹೊಸದಾದಾಗ ಹಳೆಯ ದುಭಾಷಿಗೆ ಅಲ್ಲಿ ಕೆಲಸವಿಲ್ಲ. ಹೊಸ ದುಭಾಷಿಯನ್ನು ಕಳುಹಿಸಲು ಪೆಟ್ಟಿಗೆ ತಯಾರಿಸಿದ ಕಂಪನಿಯೇ ಉಳಿದಿರುವುದಿಲ್ಲ.

ಇಲ್ಲಿ ನೆರವಿಗೆ ಬಂದವರು ಕೆನಡಾದ ಕರ್ಕ್ ರೈಸರ್. ಅವರೂ ಕಣ್ಣು ಕಾಣದವರೇ. 1990ರ ದಶಕದ ಕೊನೆಯಲ್ಲಿ ಲಿನಕ್ಸ್ ವ್ಯವಸ್ಥೆಗಾಗಿ ಅವರು ‘ಸ್ಪೀಕಪ್’ ಬರೆಯಲು ತೊಡಗಿದರು. ಹತ್ತಾರು ಬಗೆಯ ಪೆಟ್ಟಿಗೆಗಳ ಸಂಕೇತಗಳು ಅದರೊಳಗೆ ಎಲ್ಲರೂ ಓದುವಂತೆ ಬರೆಯಲ್ಪಟ್ಟಿವೆ. ಗಣಕ ಎಚ್ಚರಗೊಳ್ಳುವ ಹಂತದಿಂದಲೇ ಅದು ಪರದೆಯನ್ನು ಓದಬಲ್ಲದು. ಕಣ್ಣಿದ್ದವರನ್ನು ಕರೆಯದೆ ತನ್ನ ಗಣಕವನ್ನು ತಾನೇ ಸರಿಪಡಿಸಿಕೊಳ್ಳಬೇಕೆನ್ನುವವನಿಗೆ ಇದು ಸಣ್ಣ ಅನುಕೂಲವಲ್ಲ. ಹಿಂದೆ ಸ್ಪೀಕಪ್ ಹಳೆಯ ಪೋರ್ಟನ್ನೇ ನೇರವಾಗಿ ಮುಟ್ಟುತ್ತಿದ್ದುದರಿಂದ ಯುಎಸ್‌ಬಿ ಪರಿವರ್ತಕದ ಮೂಲಕ ಕೆಲಸ ಮಾಡುತ್ತಿರಲಿಲ್ಲ. 2017ರಲ್ಲಿ ಓಕಾಶ್ ಖ್ವಾಜಾ ಎಂಬ ತಂತ್ರಜ್ಞರು ಅದನ್ನು ತಿದ್ದಿ ಬರೆದು ಈ ತೊಡಕನ್ನು ನಿವಾರಿಸಿದರು. 2020ರಲ್ಲಿ ಸ್ಪೀಕಪ್ ಪ್ರಾಯೋಗಿಕ ವಿಭಾಗದಿಂದ ಲಿನಕ್ಸ್‌ನ ಮುಖ್ಯ ಭಾಗಕ್ಕೆ ಬಡ್ತಿ ಪಡೆಯಿತು. ಬರೆದದ್ದು ಬಚ್ಚಿಡದೆ ಇದ್ದುದರಿಂದಲೇ ಒಬ್ಬರು ಬಿಟ್ಟಲ್ಲಿಂದ ಇನ್ನೊಬ್ಬರು ಮುಂದುವರಿಸಲು ಸಾಧ್ಯವಾಯಿತು.

ಅಂತೂ ಶಿರಾ ಗೇಟಿನ ಪೆಟ್ಟಿಗೆ ಮಾತನಾಡಿತು ಎನ್ನಿ. ಹುಡುಗನ ಮುಖ ಅರಳುತ್ತದೆ. ಮರುಕ್ಷಣವೇ ಕನ್ನಡ ಪಾಠ ತೆರೆದರೆ ಮತ್ತೆ ಮೌನ! ಈ ಪೆಟ್ಟಿಗೆಗೆ ಗೊತ್ತಿರುವುದು ಇಂಗ್ಲಿಷ್ ಅಕ್ಷರಗಳು ಮಾತ್ರ. ಅವುಗಳ ಸಂಖ್ಯೆಗಳು 127ರೊಳಗೇ ಮುಗಿಯುತ್ತವೆ. ಯುನಿಕೋಡ್‌ನಲ್ಲಿ ನಮ್ಮ ‘ಕ’ ಅಕ್ಷರದ ಸಂಖ್ಯೆ 3221. ಪೆಟ್ಟಿಗೆಯ ಪಾಲಿಗೆ ಅದು ಇಲ್ಲವೇ ಇಲ್ಲ.

ಕನ್ನಡದ ಮಾತು ಬಂದದ್ದು ಬೇರೆ ದಾರಿಯಿಂದ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಮತ್ತು ಎನ್‌ಕೋರ್ ಕಂಪನಿಯ ತಂತ್ರಜ್ಞರು ಸೇರಿ ‘ಸಿಂಪ್ಯೂಟರ್’ ಎಂಬ ಅಂಗೈಯಗಲದ ಗಣಕವನ್ನು ರೂಪಿಸಿ 2001ರಲ್ಲಿ ಜನರ ಮುಂದಿಟ್ಟರು. ಓದಲು ಬಾರದವರಿಗೂ ಅದು ಉಪಯೋಗವಾಗಬೇಕು, ಆದ್ದರಿಂದ ಅದು ನಮ್ಮ ಭಾಷೆಯಲ್ಲಿ ಮಾತನಾಡಬೇಕು ಎಂಬುದು ಅವರ ಆಸೆ. ರಮೇಶ್ ಹರಿಹರನ್ ಅವರ ನೇತೃತ್ವದಲ್ಲಿ ‘ಧ್ವನಿ’ ಎಂಬ ತಂತ್ರಾಂಶ ಸಿದ್ಧವಾಯಿತು. ಮುದ್ರಿಸಿಕೊಂಡ ಸಣ್ಣ ಸಣ್ಣ ಧ್ವನಿತುಣುಕುಗಳನ್ನು ಹೂ ಪೋಣಿಸಿದಂತೆ ಜೋಡಿಸುವುದು ಅದರ ಕ್ರಮ.

ಕನ್ನಡ ಬರೆದಂತೆ ಓದುವ ಭಾಷೆ, ಇದರಲ್ಲೇನು ಕಷ್ಟ ಎನ್ನಬೇಡಿ. ‘ಅಂಗಡಿ’ ಎಂಬಲ್ಲಿನ ಸೊನ್ನೆಯನ್ನೂ ‘ಅಂಬಲಿ’ ಎಂಬಲ್ಲಿನ ಸೊನ್ನೆಯನ್ನೂ ಒಮ್ಮೆ ಉಚ್ಚರಿಸಿ ನೋಡಿ. ಮೊದಲನೆಯದು ಗಂಟಲ ಬಳಿ, ಎರಡನೆಯದು ತುಟಿಯಲ್ಲಿ. ‘ಕಿ.ಮೀ.’ ಎಂದಿದ್ದರೆ ‘ಕಿಲೋಮೀಟರ್’ ಎನ್ನಬೇಕು. ಮಕ್ಕಳಿಗೆ ತಾನಾಗಿ ಬರುವ ಇಂಥ ತಿಳಿವಳಿಕೆಯನ್ನೆಲ್ಲ ಯಂತ್ರಕ್ಕೆ ನಿಯಮವಾಗಿ ಬರೆದುಕೊಡಬೇಕು.

ಸಿಂಪ್ಯೂಟರ್ ನಿರೀಕ್ಷಿಸಿದಷ್ಟು ಮಾರಾಟವಾಗದೆ ಮರೆಯಾಯಿತು. ಆದರೆ ‘ಧ್ವನಿ’ಯ ಮೂಲ ಬರಹ ಮುಕ್ತವಾಗಿತ್ತು. ಕೇರಳದ ಸಂತೋಷ್ ತೋಟ್ಟಿಂಗಲ್ ಅದನ್ನು ಕೈಗೆತ್ತಿಕೊಂಡು ಸಾಮಾನ್ಯ ಲಿನಕ್ಸ್ ಗಣಕಗಳಿಗೆ ಒಗ್ಗಿಸಿ, ಇನ್ನಷ್ಟು ಭಾರತೀಯ ಭಾಷೆಗಳಿಗೆ ವಿಸ್ತರಿಸಿದರು. ಯಂತ್ರ ಸತ್ತರೂ ದನಿ ಬದುಕಿತು. ಇಂದು ‘ಇ-ಸ್ಪೀಕ್’ ಎಂಬ ಉಚಿತ ತಂತ್ರಾಂಶವೂ ಕನ್ನಡ ಓದುತ್ತದೆ. ಎನ್‌ವಿಡಿಎ ಎಂಬ ಉಚಿತ ಪರದೆ ಓದುಗದ ಜೊತೆ ಅದನ್ನು ವಿಂಡೋಸ್ ಗಣಕದಲ್ಲಿ ಬಳಸಬಹುದು.

ಮುಕ್ತವಾಗಿರದಿದ್ದರೆ ಏನಾಗುತ್ತದೆ ಎಂಬುದಕ್ಕೆ ಸ್ಟೀಫನ್ ಹಾಕಿಂಗ್ ಅವರ ದನಿಯೇ ಸಾಕ್ಷಿ. 1985ರ ಶಸ್ತ್ರಚಿಕಿತ್ಸೆಯಲ್ಲಿ ಮಾತು ಕಳೆದುಕೊಂಡ ಅವರಿಗೆ ಆಸರೆಯಾದದ್ದು ‘ಕಾಲ್‌ಟೆಕ್ಸ್ಟ್ 5010’ ಎಂಬ ಫಲಕ. ಅದರ ದನಿಯ ಮೂಲವೂ ಕ್ಲಾಟ್ ಅವರ ಕಂಠವೇ. ಫಲಕಗಳು ಹಳತಾಗುತ್ತಿದ್ದವು, ಹೊಸವು ಸಿಗುತ್ತಿರಲಿಲ್ಲ, ಅದೇ ಆವೃತ್ತಿಯ ಮೂಲ ತಂತ್ರಾಂಶವೂ ಕೈಗೆ ಸಿಗಲಿಲ್ಲ. ಕೇಂಬ್ರಿಜ್ ಮತ್ತು ಕ್ಯಾಲಿಫೋರ್ನಿಯಾದ ಎಂಜಿನಿಯರುಗಳು ವರ್ಷಗಟ್ಟಲೆ ದುಡಿದು, ಫಲಕದ ಚಿಪ್ಪುಗಳ ವರ್ತನೆಯನ್ನೇ ತಂತ್ರಾಂಶದಲ್ಲಿ ಅನುಕರಿಸಬೇಕಾಯಿತು. ಒಂದು ಚಿಪ್ಪಿನ ಒಳಗುಟ್ಟು ಸಿಕ್ಕಿದ್ದು ಹಳೆಯ ವಿಡಿಯೋ ಗೇಮ್ ಪ್ರೇಮಿಗಳು ಹವ್ಯಾಸಕ್ಕೆಂದು ಬರೆದಿಟ್ಟಿದ್ದ ತಂತ್ರಾಂಶದಲ್ಲಿ! 2018ರ ಜನವರಿಯಲ್ಲಿ ಹಾಕಿಂಗ್ ಅವರ ಹಳೆಯ ದನಿ ರಾಸ್ಬೆರಿ ಪೈ ಎಂಬ ಪುಟ್ಟ ಗಣಕದಿಂದ ಹೊರಟಿತು. ಅವರು ಮೆಚ್ಚಿಕೊಂಡರು. ಮಾರ್ಚ್ 14ರಂದು ತೀರಿಕೊಂಡರು.

ಜಗತ್ಪ್ರಸಿದ್ಧ ವಿಜ್ಞಾನಿಗೆ ಅಷ್ಟು ಜನ ದುಡಿಯುತ್ತಾರೆ. ಶಿರಾ ಗೇಟಿನ ಹುಡುಗನಿಗೆ ಯಾರು ದುಡಿಯುತ್ತಾರೆ? ಆದ್ದರಿಂದ ತಂದೆತಾಯಿಯರು ಇಂಥ ಸಾಧನವನ್ನು ಕೊಳ್ಳುವಾಗ ಅಥವಾ ದಾನವಾಗಿ ಪಡೆಯುವಾಗ ಬೆಲೆಯ ಜೊತೆಗೆ ಇನ್ನೂ ಮೂರು ಪ್ರಶ್ನೆ ಕೇಳಬೇಕು. ಇದು ಕನ್ನಡ ಓದುತ್ತದೆಯೇ? ಇದು ನಡೆಯುವ ಕ್ರಮವನ್ನು ಬಹಿರಂಗವಾಗಿ ಬರೆದಿಟ್ಟಿದ್ದಾರೆಯೇ? ಗಣಕ ಬದಲಾದರೆ ಇದನ್ನು ಹೊಸದಕ್ಕೆ ಒಗ್ಗಿಸಲು ಬೇರೆಯವರಿಗೆ ಸಾಧ್ಯವೇ? ವಿದ್ಯಾರ್ಥಿಗಳು ಕಲಿಯಬೇಕಾದದ್ದೂ ಇಲ್ಲೇ ಇದೆ. ಸರ್ಕೀಟು ಜೋಡಿಸಿದರೆ ಅರ್ಧ ಕೆಲಸ; ಜೋಡಿಸಿದ್ದು ಹೇಗೆಂದು ಇನ್ನೊಬ್ಬರಿಗೆ ತಿಳಿಯುವಂತೆ ಬರೆದಿಟ್ಟರೆ ಪೂರ್ಣ ಕೆಲಸ. ಹಾಗೆ ಯಾರೋ, ಎಲ್ಲೋ ಬರೆದಿಟ್ಟ ನಾಲ್ಕು ಪುಟಗಳ ಮೇಲೆ ಒಬ್ಬ ಹುಡುಗನ ಓದು ನಿಂತಿರುತ್ತದೆ.